ಇಲ್ಲದವನ ಮೇಲೆ ಹೊಟ್ಟೆಕಿಚ್ಚು

ಹೊಸಪೇಟೆ ಸ್ಟೇಷನ್ನಿನ ಗೂಡ್ಸ್ ಗುಮಾಸ್ತ ಪ್ರಭಂಜನರಾಯರಿಗೆ ದೇವರಿಲ್ಲವೆಂಬುದು ಖಚಿತವಾಗಿ ಗೊತ್ತಿತ್ತು. ತಮಗೆ ಗೊತ್ತಿದ್ದರೆ ಸಾಲದು, ಊರಿಗೂ ಗೊತ್ತಾಗಬೇಕೆಂದು ಅವರು ಬಹಳ ಶ್ರಮಪಟ್ಟಿದ್ದರು. ಕಂಪ್ಲಿಯಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಬಂದ ರೈತನೊಬ್ಬ, "ದೇವರ ದಯ, ದಾರ್‍ಯಾಗ ಮಳಿ ಬರಲಿಲ್ರಿ" ಎಂದರೆ ಸಾಕು, ರಸೀದಿ ಬರೆಯುತ್ತಿದ್ದ ಕೈ ನಿಲ್ಲಿಸಿ, ಮಳೆ ಏಕೆ ಬರುತ್ತದೆ, ಏಕೆ ಬರುವುದಿಲ್ಲ ಎಂದು ಮೋಡದಿಂದ ಹಿಡಿದು ವಿವರಿಸುತ್ತಿದ್ದರು. ರೈತ ಕೈಕಟ್ಟಿಕೊಂಡು ಎಲ್ಲವನ್ನೂ ಕೇಳಿ, ರಸೀದಿ ಇಸಿದುಕೊಂಡು ಹೊರಗೆ ಬಂದು, "ರಾಯರ ನಾಲಿಗಿ ಮ್ಯಾಲೆ ಸರಸ್ವತಿ ಕುಂತಾಳ ನೋಡು" ಎಂದು ಎತ್ತುಗಳಿಗೆ ಹೇಳಿ ಹೋಗುತ್ತಿದ್ದ.

ದೇವರನ್ನು ಬಿಟ್ಟ ದಿನವೇ ಜನಿವಾರವನ್ನೂ ತೆಗೆದುಬಿಡಬೇಕೆಂದು ಅವರಿಗಿತ್ತು. ಆದರೆ ಗೂಡ್ಸ್ ಶೆಡ್ಡಿನ ಬೀಗದ ಕೈ ಕಟ್ಟಿಕೊಳ್ಳಲು ಅದರಷ್ಟು ಭದ್ರವಾದ ಜಾಗ ಇನ್ನೊಂದು ಸಿಗಲಿಲ್ಲ. ಹೀಗೆ ಜನಿವಾರ ರೈಲ್ವೆ ಕೆಲಸದ ಮೇಲೆ ಉಳಿದುಕೊಂಡಿತು.

ದೇವರನ್ನು ಬಿಟ್ಟದ್ದೇಕೆ ಎಂದು ಕೇಳಿದವರಿಗೆ ರಾಯರು ಹೇಳುತ್ತಿದ್ದ ಕಥೆ ಇದು: ಒಮ್ಮೆ ಯಾವುದೋ ಗುಡಿಗೆಂದು ತಮಿಳುಸೀಮೆಯಿಂದ ಪಂಚಲೋಹದ ವಿಗ್ರಹವೊಂದು ಗೂಡ್ಸಿನಲ್ಲಿ ಬಂತು. ಅದನ್ನು ತಕ್ಕಡಿಗೆ ಹಾಕಿ, 'ಲೋಹದ ಸಾಮಾನು' ಎಂದು ಬರೆದುಕೊಂಡು, ಹಮಾಲರ ಹೆಗಲಿಗೆ ಏರಿಸಿ ಕಳಿಸಿದವರು ರಾಯರೇ. ಒಂದು ಸಲ ತಾವೇ ತೂಗಿದ್ದಕ್ಕೆ ಮತ್ತೆ ಕೈಮುಗಿಯುವುದಾದರೂ ಹೇಗೆ? ಕೇಳಿದವರು ನಗುತ್ತಿದ್ದರು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಿಜವಾದ ಕಾರಣವನ್ನು ಯಾರೂ ಕೇಳುತ್ತಿರಲಿಲ್ಲ, ಅವರು ಹೇಳುತ್ತಲೂ ಇರಲಿಲ್ಲ. ಇನ್‌ಫ್ಲುಯೆಂಜಾ ಬಂದ ವರ್ಷ ಅವರ ಚಿಕ್ಕ ಮಗ ತೀರಿಕೊಂಡ. ಆವತ್ತಿನಿಂದ ರಾಯರು ದೇವರನ್ನು ಬಿಟ್ಟರು, ಅವರ ಹೆಂಡತಿ ಸೀತಾಬಾಯಿ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಆ ವಿಷಯ ಬಾಯಿಬಿಟ್ಟು ಆಡಲಿಲ್ಲ. ತಂದೆಯ ಕಾಲದ ಸಾಲಿಗ್ರಾಮಗಳನ್ನು ರಾಯರು ಆನೆಗೊಂದಿಯಲ್ಲಿದ್ದ ಅಣ್ಣನ ಮನೆಗೆ ಸಾಗಿಸಿದರು. ಸೀತಾಬಾಯಿ ತವರಿನಿಂದ ತಂದಿದ್ದ ಹೆಬ್ಬೆರಳು ಗಾತ್ರದ ಬೆಳ್ಳಿಯ ಬಾಲಕೃಷ್ಣನೊಬ್ಬ ಮಾತ್ರ ಅಡುಗೆಮನೆಯ ಮೂಲೆಯ ಮಂಟಪದಲ್ಲಿ ಉಳಿದ.

ರಾಯರ ಬಾಳಿನ ಮುಳ್ಳು ಈ ಬಾಲಕೃಷ್ಣ.

ಬೆಳಗಿನ ಜಾವ ನಾಲ್ಕಕ್ಕೆ, ಯಾರೂ ಎಬ್ಬಿಸದೆ, ಸೀತಾಬಾಯಿ ಏಳುತ್ತಿದ್ದರು. ಬಾವಿಯ ತಣ್ಣೀರು ಸುರಿದುಕೊಂಡು ಮಡಿ ಉಟ್ಟು ಒಳಗೆ ಹೋದರೆ ಮುಗಿಯಿತು, ಮಧ್ಯಾಹ್ನದವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಬೆಲ್ಲದ ಮೂಟೆ, ಬಾಳೆಗೊನೆ, ಸಂಡೂರಿನ ಮ್ಯಾಂಗನೀಸಿನ ಕೆಂಪು ಧೂಳು ಎಲ್ಲವನ್ನೂ ಮುಟ್ಟಿ ಬರುವ ಗೂಡ್ಸ್ ಗುಮಾಸ್ತನಂತೂ ಹೊಸ್ತಿಲಿನ ಹತ್ತಿರಕ್ಕೂ ಸುಳಿಯಬಾರದು. ಒಳಗಿನಿಂದ ಹಾಡು ಕೇಳಿಸುತ್ತಿತ್ತು. ಮಾತೂ ಕೇಳಿಸುತ್ತಿತ್ತು. "ಇವತ್ತು ಬದನಿಕಾಯಿ ಎಳೇವು ಸಿಕ್ಕಾವ ನೋಡಪ್ಪ." "ತುಪ್ಪ ಬಿಸಿ ಅದ, ತಾಳು." ಇತ್ತ ಪಡಸಾಲೆಯಲ್ಲಿ ರಾಯರು ಪತ್ರಿಕೆಯನ್ನು ಅಗಲವಾಗಿ ಹಿಡಿದು ಕುಳಿತಿರುತ್ತಿದ್ದರು. ಮದ್ರಾಸಿನ ಸುದ್ದಿಯ ಒಂದೇ ಸಾಲನ್ನು ಅವರು ಎಷ್ಟು ಸಲ ಓದುತ್ತಿದ್ದರೋ ಅವರಿಗೇ ಗೊತ್ತು.

ಕಡಲೆಬೇಳೆ, ಬೆಲ್ಲ ಹಾಕಿ ಹಯಗ್ರೀವ ಮಾಡಿದರೆ ಅವನಿಗೆ. ಹೊಸ ಅಕ್ಕಿ ಬಂದರೆ ಮೊದಲ ಅನ್ನ ಅವನಿಗೆ. ಆಮೇಲೆ ಅದೇ ತಟ್ಟೆ ರಾಯರ ಮುಂದೆ ಬರುತ್ತಿತ್ತು, ನಿಜ. ತಿನ್ನುವವರು ರಾಯರೇ, ಅದೂ ನಿಜ. ಆದರೆ ಮಾಡಿದ್ದು ಯಾರಿಗೆ?

ಈ ದುಃಖವನ್ನು ಅವರು ಒಂದು ದಿನ ಬೆಲ್ಲದ ದಲ್ಲಾಳಿ ಕೊಟ್ರಯ್ಯನ ಮುಂದೆ ತೋಡಿಕೊಂಡರು. ಕೊಟ್ರಯ್ಯ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದವನು ಕತ್ತರಿ ಕೆಳಗಿಟ್ಟ.

"ಏನ್ರಿ ರಾಯರ, ನೀವು ಅವ ಇಲ್ಲೇ ಇಲ್ಲ ಅಂತೀರಿ."

"ಇಲ್ಲ. ಅದರಾಗ ಸಂಶಯ ಇಲ್ಲ."

"ಮತ್ತ ಇಲ್ಲದವನ ಮ್ಯಾಲೆ ಹೊಟ್ಟಿಕಿಚ್ಚು ಪಡೋ ಮಂದೀನ ನಾ ಎಲ್ಲೂ ನೋಡಿಲ್ಲ ಬಿಡ್ರಿ. ಇದ್ದವರ ಮ್ಯಾಲೆ ಪಡಾಕ ನನಗ ಹೊತ್ತು ಸಾಲವಲ್ದು."

"ಹೊಟ್ಟಿಕಿಚ್ಚಲ್ಲೋ ಅದು. ತಾತ್ವಿಕ ಆಕ್ಷೇಪಣಿ."

"ಹೆಸರು ಭಾಳ ಚಂದ ಐತಿ," ಎಂದು ಕೊಟ್ರಯ್ಯ ಮತ್ತೆ ಅಡಿಕೆಗೆ ಹತ್ತಿದ.

ರಾಯರನ್ನು ನಿಜವಾಗಿ ಕಾಡುತ್ತಿದ್ದುದು ಹಯಗ್ರೀವವಲ್ಲ. ಹಿಂದೊಮ್ಮೆ ಅವರು ವಾಚನಾಲಯದಲ್ಲಿ ಉಪನ್ಯಾಸವೊಂದನ್ನು ಮಾಡಿದ್ದರು. ದೇವರನ್ನು ಬಿಟ್ಟ ಮನುಷ್ಯ ತನ್ನ ಬಾಳಿಗೆ ತಾನೇ ಒಂದು ಅರ್ಥವನ್ನು ಮಾಡಿಕೊಳ್ಳಬೇಕು ಎಂಬುದು ವಿಷಯ. ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಇದೇ ಕೊಟ್ರಯ್ಯ ಎದ್ದುನಿಂತು, "ನೀವು ಯಾವುದು ಮಾಡ್ಕೊಂಡೀರಿ, ಸ್ವಲ್ಪ ಹೇಳ್ರಿ. ನಾವೂ ಹಂಗ ಮಾಡ್ಕೊಳ್ತೀವಿ" ಎಂದಿದ್ದ. ಕೇಳಿದ್ದು ಗೇಲಿಗಲ್ಲ, ನಿಜವಾಗಿ ತಿಳಿಯುವ ಆಸೆಯಿಂದ. ಅದೇ ದೊಡ್ಡ ತೊಂದರೆ. ರಾಯರು ದೀಪದ ಎಣ್ಣೆ ಮುಗಿಯಿತೆಂದು ಸಭೆ ಮುಗಿಸಿದರು.

ಆಮೇಲೆ ಹುಡುಕಿದರು. ಹಾರ್ಮೋನಿಯಂ ಕಲಿಯಲು ಹೊರಟರು. ಸರಿಗಮ ದಾಟುವ ಮೊದಲೇ ಅದರ ತಿದಿಯನ್ನು ಇಲಿ ಕಡಿಯಿತು. ಹಂಪಿಯ ಹಾಳುಗಳನ್ನೆಲ್ಲ ಒಂದೊಂದಾಗಿ ಅಳೆದು ಲೋಕಕ್ಕೆ ತಿಳಿಸುತ್ತೇನೆಂದು ಟೇಪು ಹಿಡಿದು ನಡೆದುಹೋದರು. ಬಿಸಿಲು ನೆತ್ತಿಗೇರಿ, ಕಡ್ಡಿರಾಂಪುರದವರ ಬಾಳೆಗೊನೆಯ ಗಾಡಿಯಲ್ಲಿ ಗೊನೆಗಳ ಜೊತೆ ಮಲಗಿ ವಾಪಸಾದರು. ಒಂದೂ ಅವರನ್ನು ಹಿಡಿಯಲಿಲ್ಲ. ಬೆಳಗಿನ ಜಾವ ಬಾವಿಯ ಗಡಗಡೆಯ ಸದ್ದು ಕೇಳಿದಾಗಲೆಲ್ಲ ಹೊದಿಕೆಯೊಳಗೆ ಅವರ ಎದೆ ಉರಿಯುತ್ತಿತ್ತು. ಚಳಿಯಲ್ಲಿ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸುವಂಥದ್ದೊಂದು ಸೀತಾಬಾಯಿಯ ಹತ್ತಿರವಿತ್ತು. ಇವರ ಹತ್ತಿರ ಸತ್ಯ ಮಾತ್ರ ಇತ್ತು. ಅದು ಎಂಟು ಗಂಟೆಗೆ ಎದ್ದರೂ ಬೇಸರ ಮಾಡುತ್ತಿರಲಿಲ್ಲ.

ಮೂವತ್ತೈದನೆಯ ಇಸವಿಯ ಆಸುಪಾಸಿನ ಒಂದು ಧನುರ್ಮಾಸದಲ್ಲಿ ಸೀತಾಬಾಯಿಗೆ ಚಳಿಜ್ವರ ಹತ್ತಿತು. ಕಾಲುವೆಯ ಬದಿಯ ಓಣಿ. ಆ ವರ್ಷ ಮನೆಮನೆಯಲ್ಲೂ ನಡುಕ. ಡಾಕ್ಟರು ಬಂದು ನೋಡಿ ಕ್ವಿನೈನ್ ಕೊಟ್ಟು, "ಹೊಟ್ಟಿಗೆ ಬೀಳಬೇಕ್ರಿ. ಮೆತ್ತಗ ಅನ್ನ, ಹೆಸರುಬೇಳಿ, ಏನಾದ್ರೂ. ಖಾಲಿ ಹೊಟ್ಟ್ಯಾಗ ಈ ಔಷಧ ಕೊಟ್ರ ಮನಿಶಾ ಉಳಿಯೂದಿಲ್ಲ" ಎಂದು ಹೋದರು.

ರಾಯರು ಹಾಸಿಗೆಯ ಹತ್ತಿರ ಕುಳಿತು, "ಕೇಳಿಸ್ತೇನು? ಹೊಟ್ಟಿಗೆ ಬೀಳಬೇಕಂತ" ಎಂದರು.

"ಅವನಿಗೆ ಇಡದ ನಾ ಹೆಂಗ ತಿನ್ನಲ್ರಿ?" ಎಂದರು ಸೀತಾಬಾಯಿ, ಹಲ್ಲು ಕಟಕಟ ಅನ್ನುತ್ತಿದ್ದಾಗಲೇ. "ಧನುರ್ಮಾಸ ಇದು."

ಧನುರ್ಮಾಸದ ಪದ್ಧತಿಯೇ ಬೇರೆ. ಹೊತ್ತು ಹುಟ್ಟುವ ಮೊದಲು, ಆಕಾಶದಲ್ಲಿ ಇನ್ನೂ ಚುಕ್ಕೆಗಳಿರುವಾಗಲೇ ದೇವರಿಗೆ ಹುಗ್ಗಿಯ ನೈವೇದ್ಯವಾಗಬೇಕು: ಅಕ್ಕಿ, ಹೆಸರುಬೇಳೆ, ಮೆಣಸು, ಶುಂಠಿ, ತುಪ್ಪ. ಮಾಡುವವರು ತಣ್ಣೀರು ಮಿಂದು ಮಡಿಯಲ್ಲಿರಬೇಕು. ರುಚಿ ನೋಡುವುದಿರಲಿ, ಮೂಸಲೂ ಬಾರದು.

"ಯಾರನ್ನರ ಕರೀಲೇನು?"

"ಯಾರದಾರ? ಮಗಳು ಕಂಪ್ಲ್ಯಾಗ ಹಸಿಬಾಣಂತಿ. ಓಣಿ ತುಂಬ ಹಾಸಿಗಿ." ಸೀತಾಬಾಯಿ ಕಣ್ಣು ಮುಚ್ಚಿದರು. "ನೀವು ಮಾಡೂದಿಲ್ಲ, ನನಗ ಗೊತ್ತದ. ಇರ್ಲಿ ಬಿಡ್ರಿ."

ಮರುದಿನ ನಾಲ್ಕಕ್ಕೆ ಬಾವಿಯ ಗಡಗಡೆ ಮತ್ತೆ ಸದ್ದು ಮಾಡಿತು. ಮೊದಲ ಕೊಡ ಮೈಮೇಲೆ ಬಿದ್ದಾಗ ರಾಯರ ಬಾಯಿಂದ "ಅಯ್ಯೋ ಕೃಷ್ಣಾ!" ಎಂದು ಬಂದುಬಿಟ್ಟಿತು. ಅದು ಕೇವಲ ರೂಢಿಯಿಂದ ಬಂದದ್ದು, ಅದಕ್ಕೆ ಅರ್ಥವಿಲ್ಲ ಎಂದು ಅವರು ಆಮೇಲೆ ಕೊಟ್ರಯ್ಯನಿಗೆ ಸ್ಪಷ್ಟಪಡಿಸಿದ್ದಾರೆ.

ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪಾದವು. ಬೇಳೆ ಒಂದು ಕಡೆ ಹೊತ್ತಿತು, ಒಂದು ಕಡೆ ಬೇಯಲಿಲ್ಲ. ಕೊನೆಗೆ ಏನೋ ಒಂದು ಆಯಿತು. ಬೆಳ್ಳಿಯ ಬಟ್ಟಲಿನಲ್ಲಿ ಹಾಕಿ ಬಾಲಕೃಷ್ಣನ ಮುಂದಿಟ್ಟರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಎದುರುಬದುರಾದದ್ದು ಅದೇ ಮೊದಲು. ರಾಯರು ಒಂದು ಗಳಿಗೆ ಅವನನ್ನು ದುರುಗುಟ್ಟಿ ನೋಡಿ, ಏನೋ ಗೊಣಗಿ, ತುಳಸಿ ಹಾಕಿ, ಬಟ್ಟಲನ್ನೆತ್ತಿಕೊಂಡು ಓಡಿಬಂದರು. ಸೀತಾಬಾಯಿ ನಾಲ್ಕು ತುತ್ತು ತಿಂದರು. ಔಷಧಿ ಇಳಿಯಿತು.

ಹೀಗೆ ದಿನಗಳು ಹೋದವು. ಹಾಲು ಹಾಕಲು ಬರುತ್ತಿದ್ದ ಹೊನ್ನೂರಮ್ಮ ಹಿತ್ತಲಿನಲ್ಲಿ ಒದ್ದೆ ಪಂಚೆಯ ರಾಯರನ್ನು ನೋಡಿ, "ಏನ್ ಸ್ವಾಮೇರ, ಗಾಡಿ ಹಳಿ ಬದಲಿ ಮಾಡ್ತೇನು?" ಎಂದು ಕೇಳಿದಳು. ರಾಯರಿಗೆ ಬೇರೆ ಚಿಂತೆಯಿತ್ತು. ಬೇಳೆಯನ್ನು ಸ್ವಲ್ಪ ಹುರಿದು ಹಾಕಿದರೆ ಹೇಗೆ ಎಂದು ಅವರು ಗೂಡ್ಸ್ ಶೆಡ್ಡಿನಲ್ಲಿ ಮ್ಯಾಂಗನೀಸಿನ ವ್ಯಾಗನ್ನುಗಳ ನಡುವೆ ನಿಂತು ಯೋಚಿಸುತ್ತಿದ್ದರು. ಮೆಣಸು ಕುಟ್ಟುವುದೋ ಇಡಿಯೋ ಎಂಬುದು ರಾತ್ರಿ ನಿದ್ದೆಗೆ ಮುಂಚೆ ಬರುವ ಪ್ರಶ್ನೆಯಾಯಿತು. ಬೆಳಿಗ್ಗೆ ಅವರನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ.

ಜ್ವರ ಇಳಿಮುಖವಾದ ಮೇಲೆ ಒಂದು ದಿನ ಸೀತಾಬಾಯಿ ಗೋಡೆಗೆ ಒರಗಿ ಕುಳಿತು ಬಟ್ಟಲು ಪೂರ್ತಿ ಖಾಲಿ ಮಾಡಿದರು. ರಾಯರು ಹೊಸ್ತಿಲಲ್ಲಿ ನಿಂತೇ ಇದ್ದರು.

"ಡ್ಯೂಟಿಗೆ ಹೊತ್ತಾಗಲಿಲ್ಲೇನ್ರಿ?"

"ಆಗ್ತದ." ಇನ್ನೂ ನಿಂತರು. "ಹೆಂಗಿತ್ತು?"

"ಏನು?"

"ಹುಗ್ಗಿ."

ಸೀತಾಬಾಯಿ ಬಟ್ಟಲನ್ನು ಕೆಳಗಿಟ್ಟು ಗಂಡನನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಈ ಮನಿಗೆ ಬಂದಾಗಿಂದ ಮಾಡಿ ಹಾಕ್ತಾ ಇದ್ದೀನಿ. ಒಂದಿನ ಹೆಂಗದ ಅಂತ ಹೇಳಿರೇನು ನೀವು?"

"ಚೊಲೋ ಇರ್ತಿತ್ತು. ಅದಕ್ಕ ಹೇಳಲಿಲ್ಲ."

"ಅವನೂ ಹಂಗ, ನೀವೂ ಹಂಗ. ಇಟ್ಟದ್ದು ತಿಂತೀರಿ, ಸುಮ್ಮನ ಕೂಡ್ತೀರಿ. ಆದ್ರ ಅವನು ಪೇಪರ್ ಅಡ್ಡ ಹಿಡಿಯೂದಿಲ್ಲ. ಮುಂದ ಕೂತ್ರ ಮುಖನಾದ್ರೂ ಕಾಣಸ್ತದ."

ರಾಯರ ಹತ್ತಿರ ದೇವರ ವಿರುದ್ಧ ಬೇಕಾದಷ್ಟು ವಾದಗಳಿದ್ದವು. ಇದಕ್ಕೆ ಒಂದೂ ಒದಗಲಿಲ್ಲ. ಬಟ್ಟಲನ್ನೆತ್ತಿಕೊಂಡು ತಿರುಗಿದವರಿಗೆ ಹಿಂದಿನಿಂದ, "ಉಪ್ಪು ಕಡಿಮಿ ಇತ್ತು. ಶುಂಠಿ ಮಾತ್ರ ಬರೋಬ್ಬರಿ" ಎಂದು ಕೇಳಿಸಿತು. ಅವತ್ತು ಅವರು ಸ್ಟೇಷನ್ನಿಗೆ ಹೋದ ನಡಿಗೆಯನ್ನು ನೋಡಿದವರು ಬಡ್ತಿ ಸಿಕ್ಕಿರಬೇಕೆಂದುಕೊಂಡರು.

ಆದರೆ ಮುಂದಿನ ವಾರವೇ ಆ ಸುಖಕ್ಕೆ ಕುತ್ತು ಬಂತು. ನಾಲ್ಕಕ್ಕೆ ಕಣ್ಣುಬಿಟ್ಟರೆ ಗಡಗಡೆ ಆಗಲೇ ತಿರುಗುತ್ತಿದೆ. ಎದ್ದು ಓಡಿದರು. ಸೀತಾಬಾಯಿ ಮಡಿಯುಟ್ಟು ನಿಂತಿದ್ದರು. "ನನಗ ಆರಾಮಾಗ್ಯದ್ರಿ. ಇನ್ನ ನೀವು ಮಲಕೊಳ್ರಿ" ಎಂದು ಬಾಗಿಲು ಮುಂದೆ ಮಾಡಿಕೊಂಡರು.

ರಾಯರು ಮತ್ತೆ ಹೊದಿಕೆಯೊಳಗೆ ಸೇರಿದರು. ಒಳಗಿನಿಂದ ಒಗ್ಗರಣೆಯ ಸದ್ದು ಬಂತು. ಮೊದಲು ಹೊಟ್ಟೆಕಿಚ್ಚು ಒಬ್ಬನ ಮೇಲಿತ್ತು. ಈಗ ಅವನಿಗೆ ಮಾಡಿಹಾಕುವವಳ ಮೇಲೂ ಹತ್ತಿಕೊಂಡಿತು. ತಮ್ಮ ಒಲೆ, ತಮ್ಮ ಶುಂಠಿ, ತಮ್ಮ ಜಾವ ಎಲ್ಲವೂ ಹೋಯಿತು. ಒಂದು ದಿನ ತಡೆದರು, ಎರಡನೆಯ ದಿನ ತಡೆಯಲಾಗಲಿಲ್ಲ.

"ಧನುರ್ಮಾಸ ಮುಗಿಯೋತನಕ ಹುಗ್ಗಿ ನಾನ ಮಾಡ್ತೀನಿ," ಎಂದರು.

ಸೀತಾಬಾಯಿಯ ಮುಖ ಅರಳಿದ ಬಗೆಯನ್ನು ರಾಯರು ಮದುವೆಯ ದಿನವೂ ಕಂಡಿರಲಿಲ್ಲ. "ಅಂದ್ರ ಭಕ್ತಿ ಬಂತು! ನಾನು ಬೇಡಿಕೊಂಡಿದ್ದೆ. ಇವತ್ತ ಆನೆಗೊಂದಿಗೆ ಹೇಳಿ ಕಳಸ್ತೀನಿ, ಸಾಲಿಗ್ರಾಮ ವಾಪಸ್ ತರಲಿ ಅಂತ."

'ಹೂಂ' ಎಂದಿದ್ದರೆ ಅಲ್ಲಿಗೆ ಮುಗಿದಿತ್ತು. ಒಲೆಯೂ ಸಿಗುತ್ತಿತ್ತು, ಆ ಮುಖವೂ ಉಳಿಯುತ್ತಿತ್ತು. ಆದರೆ ಹಾಗೆ ಅನ್ನಬೇಕಾದರೆ ಮನುಷ್ಯ ವಾಚನಾಲಯದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿರಬಾರದು.

"ಭಕ್ತಿ ಅಲ್ಲ," ಎಂದರು ರಾಯರು. "ನಾ ಮಾಡಿದ್ದು ನಿನಗ."

"ನನಗ? ಮತ್ತ ಅವನಿಗೆ?"

"ಅವನ ಮುಂದ ಇಟ್ಟೆ. ಇಡದಿದ್ರ ನೀ ತಿಂತಿದ್ದಿಲ್ಲ."

ಸೀತಾಬಾಯಿ ನಿಂತಲ್ಲೇ ಗೋಡೆಗೆ ಆತುಕೊಂಡರು. "ಇಷ್ಟು ದಿನ ಅವನು ಉಪವಾಸ ಇದ್ದ ಅಂದಂಗಾತು. ಅವನಿಗೆ ಮುಟ್ಟಲಾರದ್ದನ್ನ ನಾ ಪ್ರಸಾದ ಅಂತ ಉಂಡೆ." ಅಷ್ಟು ಹೇಳಿ ಒಳಗೆ ಹೋದರು. ಆ ದಿನ ಬಾಲಕೃಷ್ಣನಿಗೆ ಎರಡು ಸಲ ನೈವೇದ್ಯವಾಯಿತು; ಸೀತಾಬಾಯಿ ಮಾತ್ರ ಅನ್ನ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಜ್ವರದಿಂದ ಎದ್ದ ಮೈ ಅದು. ಬಿಂದಿಗೆಯನ್ನು ನಡುವೆ ಎರಡು ಸಲ ನೆಲಕ್ಕಿಟ್ಟು ಮತ್ತೆ ಎತ್ತುವುದನ್ನು ರಾಯರು ಪಡಸಾಲೆಯಿಂದ ನೋಡಿದರು. ಪತ್ರಿಕೆ ಬಿಚ್ಚಿರಲೇ ಇಲ್ಲ.

"ಸುಳ್ಳು ಹೇಳ್ರಿ," ಎಂದ ಕೊಟ್ರಯ್ಯ ಶೆಡ್ಡಿನ ಕಟ್ಟೆಯ ಮೇಲೆ. "ಇಡುವಾಗ ಮನಸಿನಾಗ ಭಕ್ತಿ ಇತ್ತು, ಹೇಳಾಕ ನಾಚಿಕಿ ಆಗಿತ್ತು ಅನ್ರಿ. ಅವ್ವಾರು ಉಣ್ತಾರ. ಇಲ್ಲದವನ ಬಗ್ಗಿ ಒಂದು ಸುಳ್ಳು ಹೇಳಿದ್ರ ಯಾರಿಗ್ರಿ ನಷ್ಟ?"

ತರ್ಕದಲ್ಲಿ ಲೋಪವಿರಲಿಲ್ಲ. ರಾಯರು ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಲ್ಲಿ ಹೊರಳಿಸುತ್ತಾ ಬಂದರು. ಅಡುಗೆಮನೆಯ ಹೊಸ್ತಿಲ ಹೊರಗೆ ಕುಳಿತು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಸೀತಾಬಾಯಿಯೇ ಕೇಳಿದರು.

"ಒಂದು ಕೇಳ್ತೀನಿ, ಖರೇ ಹೇಳ್ರಿ. ಬಟ್ಟಲಾ ಅವನ ಮುಂದ ಇಟ್ಟಾಗ ಏನೋ ಗೊಣಗ್ತಿದ್ರಿ. ದಿನಾ ಕೇಳಸ್ತಿತ್ತು. ಮಂತ್ರ ಅಲ್ಲ ಅದು. ಏನಂತಿದ್ರಿ?"

ಕಂಠಪಾಠ ಮಾಡಿ ತಂದ ಸುಳ್ಳು ಈ ಪ್ರಶ್ನೆಗೆ ಹೊಂದುವಂಥದ್ದಾಗಿರಲಿಲ್ಲ. ರಾಯರು ತಲೆ ತಗ್ಗಿಸಿದರು.

"ಜಲ್ದಿ ಮುಗಿಸೋ ಮಾರಾಯ, ಆಕಿ ಹಸಿದಾಳ ಅಂತಿದ್ದೆ."

ಒಳಗಿನಿಂದ ಬಂದದ್ದು ಅಳುವೆಂದು ರಾಯರು ಗಾಬರಿಯಾದರು. ನಗು ಅದು. ನಕ್ಕು ನಕ್ಕು ಸೀತಾಬಾಯಿಗೆ ಕೆಮ್ಮು ಬಂತು.

"ಅವನಿಗ ಅಂದ್ರಿ? ಮುಖ ನೋಡಿ?"

"ಮತ್ತ್ಯಾರಿಗೆ ಅನ್ನಲಿ? ಅಲ್ಲಿ ಇನ್ಯಾರಿದ್ರು?"

"ಹಂಗಾರ ಅವನು ಉಂಡಾನ ಬಿಡ್ರಿ. ಉಂಡೂ ಜಲ್ದಿ ಎದ್ದಾನ." ಸೀತಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಮಂತ್ರ ಹೇಳೋರು ಎಷ್ಟೋ ಮಂದಿ. ಹಿಂಗ ಮಾತಾಡಿಸೋರು ಅವನಿಗೂ ಯಾರದಾರ?"

"ನೋಡು, ನಾನು ಅವನು ಇದ್ದಾನ ಅಂತ ಒಪ್ಪಿಕೊಂಡಿಲ್ಲ," ಎಂದು ರಾಯರು ಅವಸರದಿಂದ ಸೇರಿಸಿದರು.

"ಒಪ್ಪಿಕೊಳ್ರಿ ಅಂತ ಅವನೇನು ಕೇಳ್ಯಾನ? ತಟ್ಟಿ ಹಾಕ್ರಿ, ಉಣ್ತೀನಿ. ನನಗ ತಲಿ ತಿರುಗ್ತದ."

ಅಂದಿನಿಂದ ಆ ಮನೆಯಲ್ಲಿ ಒಂದು ಏರ್ಪಾಟಾಯಿತು. ಒಲೆ ರಾಯರದು, ಮಂಟಪ ಸೀತಾಬಾಯಿಯದು. ದೇವರಿಲ್ಲ ಎನ್ನುವವರು ಚಳಿಯಲ್ಲಿ ತಣ್ಣೀರು ಮಿಂದು, ರುಚಿ ನೋಡದೆ, ಮೂಸದೆ ಹುಗ್ಗಿ ಮಾಡಿ ಕೊಡುವುದು; ಇದ್ದಾನೆ ಎನ್ನುವವರು ಅದನ್ನು ಒಯ್ದು ಇಡುವುದು. ಧನುರ್ಮಾಸ ಮುಗಿದ ಮೇಲೂ ಇದು ಮುಂದುವರಿಯಿತು. ಕೊಟ್ರಯ್ಯ ಇದನ್ನು ಊರಿಗೆಲ್ಲ ಹೇಳಿದ. ರಾಯರು ವಾಚನಾಲಯದಲ್ಲಿ ಬಾಳಿನ ಅರ್ಥದ ಮೇಲೆ ಮಾತಾಡುವುದನ್ನು ನಿಲ್ಲಿಸಿ, ಒದ್ದೆ ಸೌದೆಯ ಮೇಲೆ ಮಾತಾಡತೊಡಗಿದರು. ಕೇಳುವವರು ಮೊದಲಿಗಿಂತ ಹೆಚ್ಚಾದರು.

ಹೊಟ್ಟೆಕಿಚ್ಚು ಹೋಯಿತೆಂದು ಯಾರೂ ತಿಳಿಯಬಾರದು. ಬಟ್ಟಲನ್ನು ಒಳಗೆ ಕೊಟ್ಟ ಮೇಲೆ ಸೀತಾಬಾಯಿ ಮಂಟಪದ ಮುಂದೆ ಬಹಳ ಹೊತ್ತು ಕೂರುತ್ತಿದ್ದರು. ಮೊದಲಿಗಿಂತ ಹೆಚ್ಚು ಹೊತ್ತೇ ಎಂದು ರಾಯರ ದೂರು. ಪಿಸುಪಿಸು ಮಾತು, ನಡುವೆ ಸಣ್ಣ ನಗು. ರಾಯರು ಸೌಟು ಹಿಡಿದುಕೊಂಡೇ ಬಾಗಿಲ ಈಚೆ ಕಾಲು ಬದಲಿಸುತ್ತಾ ನಿಂತಿರುತ್ತಿದ್ದರು. ಅಂಥದೊಂದು ಬೆಳಿಗ್ಗೆ ಅವರಿಗೆ ತಾಳಲಾಗಲಿಲ್ಲ.

"ಏನಂತಾನ ಅವನು?"

"ಮೆಣಸು ಜಾಸ್ತಿ ಆತಂತ."

"ಅವನಿಗೇನು ತಿಳೀತದ!" ಎಂದು ಪ್ರಭಂಜನರಾಯರು ಸೌಟು ಎತ್ತಿ ಗುಡುಗಿದರು. "ಬಟ್ಟಲಾ ಈ ಕಡಿ ತಾ. ನೀ ತಿಂದು ಹೇಳು."